ಸೂರಿನಡಿ ಡೀಸೆಲ್ ಗಾಡಿ ಯಾಕೆ?

ಫೋರ್ಕ್‌ಲಿಫ್ಟ್ ನಮ್ಮ ಸುದ್ದಿಗೆ ಬರುವುದು ಯಾರಾದರೂ ಅದರಡಿ ಸಿಕ್ಕಾಗ ಮಾತ್ರ. ನಾಲ್ಕು ಸಾಲು ಕಳಿಸುತ್ತೇವೆ, ಒಳಪುಟದ ಮೂಲೆಯಲ್ಲಿ ಬರುತ್ತದೆ. ಅದೇ ಗಾಡಿ ಮುಚ್ಚಿದ ಗೋದಾಮಿನೊಳಗೆ ದಿನವಿಡೀ ಉಗುಳುವ ಹೊಗೆ ಸುದ್ದಿಯಾಗುವುದಿಲ್ಲ. ಹೊಗೆಗೆ ಎಫ್‌ಐಆರ್ ಇಲ್ಲವಲ್ಲ.

ರಾಯಚೂರು ಸೀಮೆಯ ಹತ್ತಿ ಜಿನ್ನಿಂಗ್ ಮಿಲ್ಲುಗಳನ್ನೇ ತೆಗೆದುಕೊಳ್ಳಿ. ಒತ್ತಿ ಕಟ್ಟಿದ ಒಂದು ಬೇಲ್ ಸುಮಾರು 170 ಕೆ.ಜಿ. ತೂಗುತ್ತದೆ. ಅದನ್ನು ಹಮಾಲರ ಬೆನ್ನಿಗೆ ಹೇರಬೇಕೆಂದು ಯಾರೂ ಹೇಳುತ್ತಿಲ್ಲ, ಯಂತ್ರ ಬೇಕು. ಯಾವ ಯಂತ್ರ ಎಂಬಲ್ಲಿ ನಮ್ಮ ತಕರಾರು. 'ಡೀಸೆಲ್ ಗಟ್ಟಿ, ಬ್ಯಾಟರಿದು ನಾಜೂಕು, ರೇಟೂ ಜಾಸ್ತಿ' ಎಂಬ ಮಾತು ಮಿಲ್ ಮಾಲೀಕರಿಂದ ಮೆಕ್ಯಾನಿಕ್‌ವರೆಗೆ ಎಲ್ಲರ ಬಾಯಲ್ಲೂ ಇದೆ.

ರೇಟು ಜಾಸ್ತಿ, ನಿಜ. ಆದರೆ ಲೆಕ್ಕವನ್ನು ಖರೀದಿಯ ದಿನಕ್ಕೇ ನಿಲ್ಲಿಸುವುದೇಕೆ? ಮೂರು ಟನ್ನಿನ ಡೀಸೆಲ್ ಗಾಡಿ ಗಂಟೆಗೆ ಎರಡೂವರೆ ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. ಲೀಟರಿಗೆ 90 ರೂಪಾಯಿ ಹಿಡಿದರೆ ಎಂಟು ಗಂಟೆಗೆ 1,800 ರೂಪಾಯಿ. ಬ್ಯಾಟರಿ ಗಾಡಿಗೆ ಗಂಟೆಗೆ ಹತ್ತು ಯೂನಿಟ್, ಯೂನಿಟ್‌ಗೆ 8 ರೂಪಾಯಿ ಎಂದು ಧಾರಾಳವಾಗಿಯೇ ಬರೆದುಕೊಂಡರೂ 640. ಎಂಜಿನ್ ಆಯಿಲ್, ಫಿಲ್ಟರ್, ರೇಡಿಯೇಟರ್ ಖರ್ಚು ಇದರಲ್ಲಿ ಸೇರಿಲ್ಲ.

ಬ್ಯಾಟರಿಯ ತೊಂದರೆಗಳನ್ನು ನಾವು ಮುಚ್ಚಿಡುವುದಿಲ್ಲ. ಹಳೆಯ ಬಗೆಯ ಸೀಸ-ಆಮ್ಲ ಬ್ಯಾಟರಿ ಎಂಟು ಗಂಟೆ ದುಡಿದರೆ ಚಾರ್ಜಿಗೆ ಎಂಟು ಗಂಟೆ, ತಣಿಯಲು ಇನ್ನೆಂಟು ಗಂಟೆ ಬೇಡುತ್ತದೆ. ಹಂಗಾಮಿನಲ್ಲಿ ಹಗಲು ರಾತ್ರಿ ಓಡುವ ಮಿಲ್ಲಿಗೆ ಇದು ನಿಜವಾದ ತಲೆನೋವು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಾಡುವ ಬೇರೆ ಕೋಣೆ ಬೇಕು. ಊಟದ ಬಿಡುವಿನಲ್ಲೂ ಚಾರ್ಜಿಗೆ ಹಾಕಬಹುದಾದ ಲಿಥಿಯಂ ಬ್ಯಾಟರಿ ದುಬಾರಿ. ಹತ್ತಿಯ ದೂಳಿರುವಲ್ಲಿ ಕಿಡಿಯ ಭಯ ಎರಡೂ ಬಗೆಯ ಗಾಡಿಗಳಿಗಿದೆ. ಇಳಕಲ್‌ನ ಗ್ರಾನೈಟ್ ಯಾರ್ಡಿನಂಥ ಬಯಲಲ್ಲಿ, ಕಲ್ಲು-ಕೆಸರಿನ ನೆಲದಲ್ಲಿ, ಡೀಸೆಲ್ಲೇ ಇರಲಿ ಬಿಡಿ. ಅದಕ್ಕೆ ನಮ್ಮ ಜಗಳವಿಲ್ಲ.

ಜಗಳ ಸೂರಿನಡಿಯದ್ದು. ಮಳೆಗೆ, ಕಳ್ಳತನಕ್ಕೆ ಹೆದರಿ ಶಟರ್ ಎಳೆದ ಗೋದಾಮಿನಲ್ಲಿ ಗಾಡಿ ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ಹಮಾಲರು ಅಲ್ಲೇ ನಿಂತಿರುತ್ತಾರೆ, ಅಲ್ಲೇ ನೀರು ಕುಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಸಾಲಿನಲ್ಲಿ. ಬೀಡಿ ಬಿಡು ಎಂದು ಹಮಾಲನಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ. 'ಗ್ಯಾಸ್ ಗಾಡಿ ತಂದರಾಯಿತು' ಎನ್ನುವವರೂ ಇದ್ದಾರೆ. ಟ್ಯೂನಿಂಗ್ ತಪ್ಪಿದ ಗ್ಯಾಸ್ ಎಂಜಿನ್ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕಾನೂನು ಇಲ್ಲದೆ ಹೀಗಾಗಿದೆಯೇ? 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಂ ನೋಡಿ. ಕೆಲಸಗಾರರಿಗೆ ಅಪಾಯವಾಗುವಷ್ಟು ಹೊಗೆ ನಿಲ್ಲದಂತೆ ಏರ್ಪಾಡು ಮಾಡದ ಹೊರತು ಕೋಣೆಯೊಳಗೆ ಇಂಧನದ ಎಂಜಿನ್ ಓಡಿಸಕೂಡದು ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಶೈತ್ಯಾಗಾರದಲ್ಲಿ ಮಾಲು ಇಡುವುದನ್ನೂ ಆ ಕಾಯ್ದೆ ತಯಾರಿಕೆಯ ಕೆಲಸವೆಂದೇ ಎಣಿಸಿತ್ತು. ಬರೀ ದಾಸ್ತಾನಿನ ಗೋದಾಮು ಮಾತ್ರ ಅದರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಸಾಲದ್ದಕ್ಕೆ, ವಿದ್ಯುತ್ ಬಳಸುವಲ್ಲಿ 10 ಜನ ದುಡಿದರೆ ಕಾರ್ಖಾನೆ ಎಂಬ ಲೆಕ್ಕವನ್ನು 2020ರ ಸುರಕ್ಷತಾ ಸಂಹಿತೆ 20ಕ್ಕೆ ಏರಿಸಿತು. ಹದಿನೈದು ಜನರ ಮಿಲ್ಲಿನಲ್ಲಿ ಹೊಗೆ ಕಡಿಮೆ ವಿಷವೇ?

ಹಾಗಾಗಿ ನಮ್ಮ ಬೇಡಿಕೆ ಇಷ್ಟು: ಜನ ದುಡಿಯುವ ಮುಚ್ಚಿದ ಜಾಗದಲ್ಲಿ, ಅಲ್ಲಿ ಎಷ್ಟೇ ಜನರಿರಲಿ, ಇಂಧನದ ಫೋರ್ಕ್‌ಲಿಫ್ಟ್ ಓಡಬಾರದು. ಹೊಸ ಗಾಡಿಗೆ ಸಾಲ ಕೊಡುವ ಬ್ಯಾಂಕಿನವರು ಅದು ಓಡುವುದು ಒಳಗೋ ಹೊರಗೋ ಎಂದು ಕೇಳಲಿ. ತಪಾಸಣೆಗೆ ಬರುವ ಅಧಿಕಾರಿ ಕಚೇರಿಯಲ್ಲಿ ಚಹಾ ಕುಡಿದು ರಿಜಿಸ್ಟರ್ ನೋಡುವ ಮುಂಚೆ, ಶಟರ್ ಅರ್ಧ ಇಳಿಸಿ ಡೀಸೆಲ್ ಗಾಡಿ ಚಾಲೂ ಮಾಡಿಸಿ, ಹಮಾಲರ ಪಕ್ಕದಲ್ಲಿ ಅರ್ಧ ಗಂಟೆ ನಿಲ್ಲಲಿ. ನಾವೂ ಪಕ್ಕದಲ್ಲಿ ನಿಲ್ಲುತ್ತೇವೆ, ನೋಟ್‌ಬುಕ್ ಹಿಡಿದು.