ತಿಕ್ಕಿದಷ್ಟೂ ತೆಳ್ಳಗೆ

ಕುಕ್ಕರಿನ ತಳಕ್ಕೆ ಬರಿ ನೀರು ಹಾಕಿ ಬೇಯಲಿಟ್ಟರೆ ಒಳಮೈ ಕಪ್ಪಾಗುತ್ತದೆ, ಹಿಂಡಿದ ನಿಂಬೆಯ ಸಿಪ್ಪೆಯನ್ನೋ ಒಂದು ಚೂರು ಹುಣಸೆಯನ್ನೋ ಹಾಕಿದರೆ ಆಗುವುದಿಲ್ಲ. ಇದು ಗೊತ್ತಿಲ್ಲದ ಮನೆ ಕರ್ನಾಟಕದಲ್ಲಿ ಕಡಿಮೆ. ಅಲ್ಯೂಮಿನಿಯಮ್ ಪಾತ್ರೆಯನ್ನು ದಿನಾ ಬೂದಿ ಹಾಕಿ ಉಜ್ಜಿದರೆ ಹೊಳೆಯುತ್ತದೆ, ಉಜ್ಜುತ್ತಲೇ ಹೋದರೆ ಕೊನೆಗೊಂದು ದಿನ ತಳ ತೂತಾಗುತ್ತದೆ ಎನ್ನುವುದೂ ಗೊತ್ತು. ಇಷ್ಟೆಲ್ಲ ಗೊತ್ತಿರುವ ಜನ, ಅದೇ ಲೋಹದ ಮೈಯುಳ್ಳ ಹಳೆಯ ಗಾಡಿಯೊಂದು ಕಣ್ಣಿಗೆ ಬಿದ್ದ ಕೂಡಲೇ ಬಫಿಂಗ್ ಮೆಷಿನ್ ಹುಡುಕಿಕೊಂಡು ಹೊರಡುವುದು ಯಾವ ಬುದ್ಧಿ?

ಗಾಡಿ ಎಂದರೆ ಇಲ್ಲಿ ಟ್ರಾವೆಲ್ ಟ್ರೇಲರ್. ಎಂಜಿನ್ ಇಲ್ಲ, ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ. ಅದರಲ್ಲಿ ಹೆಸರಾದದ್ದು ಅಮೆರಿಕದ ಏರ್‌ಸ್ಟ್ರೀಮ್. ವಾಲಿ ಬೈಯಮ್ 1936ರಲ್ಲಿ ಕ್ಲಿಪ್ಪರ್ ಎಂಬ ಮಾದರಿಯನ್ನು ಹೊರತಂದಾಗ ವಿಮಾನ ಕಟ್ಟುವ ಪದ್ಧತಿಯನ್ನೇ ಎತ್ತಿಕೊಂಡಿದ್ದ. ಅಲ್ಯೂಮಿನಿಯಮ್ ಪಕ್ಕೆಲುಬು, ಅದರ ಮೇಲೆ ತೆಳು ತಗಡು, ಸಾವಿರಾರು ರಿವೆಟ್. 1963–64ರಲ್ಲಿ ಇಂಥ ಟ್ರೇಲರುಗಳ ಒಂದು ದಂಡು ಸಿಂಗಪುರದಿಂದ ಹೊರಟು ಭಾರತವನ್ನೂ ಹಾದು ಯುರೋಪ್ ತಲುಪಿತು. 1969ರಲ್ಲಿ ಚಂದ್ರನಿಂದ ಮರಳಿದ ಮೂವರನ್ನು ಸೋಂಕಿನ ಭಯಕ್ಕೆ ಕೂಡಿಹಾಕಿದ್ದೂ ಏರ್‌ಸ್ಟ್ರೀಮನ್ನು ಮಾರ್ಪಡಿಸಿ ಮಾಡಿದ ಪೆಟ್ಟಿಗೆಯಲ್ಲೇ. ಈ ಕೆಲಸ ಕನ್ನಡ ನಾಡಿಗೂ ಹೊಸದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿಮಾನಕ್ಕೆ ರಿವೆಟ್ ಹೊಡೆಯಲು ಕಲಿತ ಕೈಗಳು, ಯುದ್ಧ ಮುಗಿದ ಮೇಲೆ ರೈಲು ಬೋಗಿಗಳಿಗೂ ಬಸ್ಸಿನ ಬಾಡಿಗಳಿಗೂ ತಿರುಗಿದ್ದವು.

ಈಗ ಗಾಳಿ ಮತ್ತೆ ಈ ಕಡೆ ಬೀಸುತ್ತಿದೆ. ಕೇರಳದ ಸಾರಿಗೆ ಸಂಸ್ಥೆ 2020ರಲ್ಲಿ ಮುನ್ನಾರಿನಲ್ಲಿ ಹಳೆಯ ಬಸ್ಸುಗಳಿಗೆ ಹಾಸಿಗೆ ಹಾಕಿ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟಿತು. 2021ರಲ್ಲಿ ಸರ್ಕಾರ ‘ಕೇರವಾನ್’ ಎಂಬ ಚಂದದ ಹೆಸರಿಟ್ಟು ಕಾರವಾನ್ ಪ್ರವಾಸದ ನೀತಿಯನ್ನೇ ತಂದಿತು. ಹಳೆಯ ಗಾಡಿ ಎಂದರೆ ಗುಜರಿ ಅಲ್ಲ, ಬಂಡವಾಳ ಎನ್ನುವುದು ಜನಕ್ಕೆ ಹೊಳೆಯಿತು. ಒಳ್ಳೆಯದೇ. ಆದರೆ ಅದರ ಜೊತೆಗೇ ಒಂದು ಚಟವೂ ಒಳಬಂತು. ಅಲ್ಯೂಮಿನಿಯಮ್ ಮೈ ಎಂದರೆ ಅದು ಕನ್ನಡಿಯಾಗಿರಬೇಕು, ಮಂಕಾಗಿದ್ದರೆ ಮಾಲೀಕ ಸೋಮಾರಿ ಎಂಬ ತೀರ್ಮಾನ.

ಕೊಚ್ಚಿಯ ಪೂರ್ವಕ್ಕಿರುವ ಅಂಬಲಮುಗಳಿನ ಒಂದು ರಸ್ತೆಬದಿಯ ವರ್ಕ್‌ಶಾಪಿಗೆ ಇಂಥದೊಂದು ಟ್ರೇಲರು ಬಂದು ನಿಂತಿತು ಎಂದುಕೊಳ್ಳೋಣ. ಊರಿನ ಹೆಸರಿನ ಅರ್ಥ ದೇವಸ್ಥಾನದ ಮೇಲು ಎಂದು. ಈಗ ಅಲ್ಲಿ ಮೇಲೆ ಕಾಣುವುದು 1966ರಲ್ಲಿ ಶುರುವಾದ ತೈಲ ಸಂಸ್ಕರಣಾಗಾರದ ಚಿಮಣಿಗಳು, ಪಕ್ಕದ ಅಂಬಲಮೇಡಿನ ರಸಗೊಬ್ಬರದ ಕಾರ್ಖಾನೆ. ಪಶ್ಚಿಮಕ್ಕೆ ಹಿನ್ನೀರು, ಅದರಾಚೆ ಅರಬ್ಬಿ ಸಮುದ್ರ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಕಡಲಿನ ಉಪ್ಪೂ ಕೈಗಾರಿಕೆಯ ಹೊಗೆಯೂ ಕೂಡುವ ಗಾಳಿಯನ್ನು ಲೋಹ ಬಲ್ಲವರು ಅತಿ ಕಠಿಣ ಗಾಳಿಗಳ ಸಾಲಿಗೆ ಸೇರಿಸುತ್ತಾರೆ. ಕನ್ನಡಿಯಂಥ ಹೊಳಪು ಒಣಹವೆಯ ಅರಿಝೋನಾದಲ್ಲಿ ವರ್ಷಗಟ್ಟಲೆ ಉಳಿದೀತು. ಇಲ್ಲಿ ಅದು ಒಂದು ಮಳೆಗಾಲ ದಾಟಿದರೆ ಹೆಚ್ಚು. ಮತ್ತೆ ತಿಕ್ಕಬೇಕು, ಮುಂದಿನ ವರ್ಷ ಮತ್ತೆ. ಈ ‘ಮತ್ತೆ’ಯಲ್ಲೇ ಇರುವುದು ಅನ್ಯಾಯ.

ಯಾಕೆಂದರೆ ಈ ತಗಡು ಒಂದೇ ಲೋಹವಲ್ಲ. ಹಲವು ಹಳೆಯ ಟ್ರೇಲರುಗಳ ಮೈಗೆ ಹೊದಿಸಿದ್ದು ಆಲ್‌ಕ್ಲಾಡ್, ವಿಮಾನದ ತಗಡು. ನಡುವೆ ತಾಮ್ರ ಬೆರೆತ ಗಟ್ಟಿ ಮಿಶ್ರಲೋಹ, ಎರಡು ಬದಿಗೂ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಪದರ. ನಡುವಿನದು ಬಲಕ್ಕೆ, ಮೇಲಿನದು ರಕ್ಷಣೆಗೆ. ತಾಮ್ರ ಬೆರೆತದ್ದು ಗಟ್ಟಿ, ಆದರೆ ಉಪ್ಪುಗಾಳಿಗೆ ಬೇಗ ತುತ್ತಾಗುತ್ತದೆ. ಅದಕ್ಕಾಗಿ ಮೇಲಿನ ಶುದ್ಧ ಪದರ ತಾನು ಸವೆದು ಅದನ್ನು ಕಾಯುತ್ತದೆ. ತಗಡಿನ ದಪ್ಪ 0.8 ಮಿಲಿಮೀಟರ್ ಎಂದರೆ ಕಾಯುವ ಪದರ ಅದರ ಶೇ. 5, ಅಂದರೆ 0.04 ಮಿಲಿಮೀಟರ್. ತಲೆಗೂದಲಿಗಿಂತ ತೆಳ್ಳಗೆ. ಬಫಿಂಗ್ ಚಕ್ರ ತಿರುಗಿದಾಗ ಬಟ್ಟೆಗೆ ಮೆತ್ತಿಕೊಳ್ಳುವ ಕಪ್ಪು ಮಸಿ ಕೊಳೆಯಲ್ಲ. ಅದು ಈ ಪದರವೇ.

ಇದನ್ನು ಅರ್ಥ ಮಾಡಿಸಲು ರಸಾಯನಶಾಸ್ತ್ರ ಬೇಡ, ಕಲಾಯಿ ಸಾಕು. ತಾಮ್ರದ ಹಂಡೆಯ ಒಳಗೆ ತವರದ ಕಲಾಯಿ ಇರುತ್ತಿತ್ತು. ಹೊರಮೈಯನ್ನು ಹುಣಸೆಹಣ್ಣು ಹಾಕಿ ಎಷ್ಟು ಬೇಕಾದರೂ ಬೆಳಗುತ್ತಿದ್ದರು. ಒಳಗಿನ ಕಲಾಯಿಗೆ ಹೊಳಪು ಬರಲಿ ಎಂದು ಅದನ್ನೇ ಕೆರೆದು ತೆಗೆದ ಗೃಹಿಣಿ ಯಾರಾದರೂ ಇದ್ದಾಳೆಯೇ? ಕಲಾಯಿ ಹೋದರೆ ಹುಳಿ ಕಿಲುಬುತ್ತದೆ ಎಂದು ಮನೆಮಂದಿಗೆಲ್ಲ ಗೊತ್ತಿತ್ತು. ಅಷ್ಟಾಗಿಯೂ ಕಲಾಯಿ ಸವೆದರೆ ಬೀದಿಗೆ ಬಂದ ಕಲಾಯಿಯವನು ನವಸಾಗರ ತಿಕ್ಕಿ ಹೊಸದಾಗಿ ಹಾಕಿಕೊಡುತ್ತಿದ್ದ. ಆಲ್‌ಕ್ಲಾಡಿಗೆ ಕಲಾಯಿಯವನಿಲ್ಲ. ಆ ಪದರವನ್ನು ಕೂಡಿಸುವುದು ಕಾರ್ಖಾನೆಯ ರೋಲರುಗಳ ನಡುವೆ, ಬಿಸಿಯಲ್ಲಿ, ತಗಡು ಹುಟ್ಟುವಾಗಲೇ. ಒಮ್ಮೆ ತಿಕ್ಕಿ ತೆಗೆದರೆ ಹೋಯಿತು, ಯಾವ ವರ್ಕ್‌ಶಾಪೂ ಮರಳಿ ಕೊಡಲಾರದು.

ತಾಮ್ರ ಹಿತ್ತಾಳೆಗಳ ಸಂಸ್ಕಾರವನ್ನು ಅಲ್ಯೂಮಿನಿಯಮ್ಮಿಗೆ ಹೊರಿಸಿದ್ದರಿಂದಲೇ ಈ ತಪ್ಪು ಹುಟ್ಟಿರಬೇಕು. ಮಂಕು ಎಂದರೆ ಕೊಳೆ ಎಂದು ಕಣ್ಣು ಕಲಿತುಬಿಟ್ಟಿದೆ. ಕಬ್ಬಿಣದ ತುಕ್ಕು ಉದುರುತ್ತದೆ, ಉದುರಿ ಒಳಗಿನದನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಅಲ್ಯೂಮಿನಿಯಮ್ ಹಾಗಲ್ಲ. ಗಾಳಿ ತಾಗಿದ ಕ್ಷಣದಲ್ಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆ ಕಟ್ಟಿ, ಅದೇ ಒಳಗಿನದಕ್ಕೆ ಬಾಗಿಲು ಹಾಕುತ್ತದೆ. ವರ್ಷಗಳು ಕಳೆದಂತೆ ಮೈ ಬೂದುಬಣ್ಣಕ್ಕೆ ತಿರುಗುವುದು ಈ ಬಾಗಿಲು ಭದ್ರವಾಗುತ್ತಿರುವ ಲಕ್ಷಣ.

ಹಾಗಾದರೆ ಏನನ್ನೂ ಮುಟ್ಟಬಾರದೆ? ಅಲ್ಲ. ಎದುರುವಾದಿಗಳ ಒಂದು ಮಾತು ನಿಜ. 1960ರ ದಶಕದಿಂದ ಈಚೆಗೆ ಕಂಪನಿಯೇ ಟ್ರೇಲರಿನ ಮೇಲೆ ಪಾರದರ್ಶಕ ಲ್ಯಾಕರ್ ಬಳಿಯತೊಡಗಿತು. ಅದು ಬಿಸಿಲಿಗೆ ಹಳದಿಯಾಗಿ, ಹಾವಿನ ಪೊರೆಯಂತೆ ಎದ್ದು ಬರುತ್ತದೆ. ಎದ್ದ ಅಂಚಿನಡಿ ಉಪ್ಪುನೀರು ನುಗ್ಗಿ, ಲೋಹದ ಮೇಲೆ ಹುಳ ಹರಿದಂತೆ ಗೆರೆಗೆರೆಯಾಗಿ ಕೊರೆಯುತ್ತದೆ. ಆ ಲ್ಯಾಕರನ್ನು ತೆಗೆಯಲೇಬೇಕು. ತಕರಾರಿರುವುದು ತೆಗೆಯುವ ಬಗೆಗೆ, ಮತ್ತು ತೆಗೆದ ಮೇಲೆ ನಿಲ್ಲಿಸದಿರುವುದಕ್ಕೆ.

ಬಗೆಯೆಂದರೆ ಹೀಗೆ. ಅಗ್ಗವಾಗಿ, ಬೇಗ ಕೆಲಸ ಮುಗಿಸುವ ಪೇಂಟ್ ರಿಮೂವರುಗಳಲ್ಲಿ ಹಲವಕ್ಕೆ ಜೀವಾಳ ಮಿಥೈಲೀನ್ ಕ್ಲೋರೈಡ್. ಅದರ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಉಸಿರಿನೊಳಗೆ ಹೋದರೆ ದೇಹವೇ ಅದನ್ನು ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಬಾಗಿಲು ಮುಚ್ಚಿದ ಕೋಣೆಗಳಲ್ಲಿ ಅದನ್ನು ಬಳಸಿ ಸತ್ತವರಿದ್ದಾರೆ. ಮನೆಬಳಕೆಯ ಬಣ್ಣ ತೆಗೆಯುವ ಡಬ್ಬಗಳಲ್ಲಿ ಅದನ್ನು ಮಾರಬಾರದೆಂದು ಅಮೆರಿಕ 2019ರಲ್ಲಿ ನಿಷೇಧಿಸಿತು. ಇಂಥ ಕೆಲಸ ಇಲ್ಲಿ ಬೀಳುವುದು ಯಾರ ಪಾಲಿಗೆ? ಕೇರಳದ ಸರ್ಕಾರಿ ಭಾಷೆಯಲ್ಲಿ ‘ಅತಿಥಿ ತೊಳಿಲಾಳಿ’ ಎನ್ನುವ, ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದ ಹುಡುಗರ ಪಾಲಿಗೆ. ಅತಿಥಿ ಎನ್ನುವುದು ದೊಡ್ಡ ಶಬ್ದ. ಮನೆಗೆ ಬಂದ ಅತಿಥಿಯ ಕೈಗೆ ಯಾರೂ ಮುಖಕ್ಕೊಂದು ಟವೆಲ್ ಕಟ್ಟಿಸಿ ಆ ಡಬ್ಬವನ್ನು ಕೊಡುವುದಿಲ್ಲ. ಟವೆಲ್ಲೂ ಬಟ್ಟೆಯ ಮಾಸ್ಕೂ ಧೂಳನ್ನು ತಡೆದಾವು, ಆವಿಯನ್ನಲ್ಲ. ಬೆಂಝೈಲ್ ಆಲ್ಕೊಹಾಲ್ ಆಧಾರದ ರಿಮೂವರುಗಳಿವೆ. ಅವು ನಿಧಾನ, ದುಬಾರಿ. ಹಚ್ಚಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಗಂಟೆಗಟ್ಟಲೆ ಕಾಯಬೇಕು. ಕಾಯುವುದಕ್ಕೆ ಮನಸ್ಸಿಲ್ಲದವರು ಹಳೆಯ ಗಾಡಿಯನ್ನು ಯಾಕಾದರೂ ಕೊಂಡುಕೊಳ್ಳಬೇಕು?

ಇನ್ನು ಕಾಸ್ಟಿಕ್ ಸೋಡಾ ಕಲಸಿ ಬಳಿಯುವ ಮಹಾಶಯರಿದ್ದಾರೆ. ಕ್ಷಾರ ಅಲ್ಯೂಮಿನಿಯಮ್ಮನ್ನು ನುರನುರನೆ ತಿನ್ನುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಉಕ್ಕಿನ ನಾರಿನಿಂದ ಉಜ್ಜುವವರೂ ಕಡಿಮೆಯಿಲ್ಲ. ಮುರಿದ ಕಬ್ಬಿಣದ ಎಳೆಗಳು ಮೈಯಲ್ಲಿ ನೆಟ್ಟುಕೊಂಡು, ಮೊದಲ ಮಳೆಗೆ ಒಂದೊಂದೂ ಒಂದೊಂದು ಗುಳಿಯಾಗುತ್ತದೆ.

ಲ್ಯಾಕರ್ ಹೋದ ಮೇಲೆ ಕೆಳಗಿರುವ ಮಂಕು ಬೆಳ್ಳಿಯ ಮೈ ಕಾಣುತ್ತದೆ. ಅಲ್ಲಿಗೆ ನಿಲ್ಲಬೇಕು. ನಿಲ್ಲುವುದಿಲ್ಲ. ಉಣ್ಣೆಯ ಪ್ಯಾಡು, ಒರಟು ಪೇಸ್ಟು, ಆಮೇಲೆ ನುಣುಪು ಪೇಸ್ಟು, ಆಮೇಲೆ ಇನ್ನೂ ನುಣುಪು. ಒಂದು ಟ್ರೇಲರಿಗೆ ನೂರು ಗಂಟೆ ದಾಟುವುದು ಸಾಮಾನ್ಯ. ಇಷ್ಟಾದ ಮೇಲೆ ಆ ಮೈಯಲ್ಲಿ ಕಾಣುವುದು ಟ್ರೇಲರಲ್ಲ, ಎದುರಿಗೆ ನಿಂತ ಮಾಲೀಕ.

‘ಹೊಳಪನ್ನೇ ತಾನೆ ಕಂಪನಿ ಮಾರಿದ್ದು’ ಎನ್ನುತ್ತಾರೆ. ಜಾಹೀರಾತಿನಲ್ಲಿ ಹೌದು. ಆದರೆ ಹೊಸ ತಗಡಿನ ಮಿನುಗು ಬೇರೆ, ಅರವತ್ತು ವರ್ಷದ ತಗಡನ್ನು ಕನ್ನಡಿ ಮಾಡುವುದು ಬೇರೆ. ಕನ್ನಡಿಯೇ ಬೇಕೆಂದರೆ ಕೇರಳದಲ್ಲಿ ಅದಕ್ಕೆ ಬೇರೆ ಜಾಗವಿದೆ. ಕನ್ನಡದ ಕನ್ನಡಿ, ಮಲಯಾಳದ ಕಣ್ಣಾಡಿ ಒಂದೇ ಮಾತು. ಪತ್ತನಂತಿಟ್ಟದ ಆರನ್ಮುಳದಲ್ಲಿ ತಾಮ್ರಕ್ಕೆ ತವರ ಬೆರೆಸಿ ಎರಕ ಹೊಯ್ದು, ದಿನಗಟ್ಟಲೆ ಕೈಯಲ್ಲೇ ತಿಕ್ಕಿ ಲೋಹದ ಕನ್ನಡಿ ಮಾಡುತ್ತಾರೆ. ಅಲ್ಲಿ ತಿಕ್ಕುವುದೇ ವಸ್ತುವಿನ ಹುಟ್ಟು. ಆ ಮಿಶ್ರಲೋಹ ಆರಿಸಿದ್ದೇ ಹೊಳೆಯಲಿ ಎಂದು, ಅದನ್ನಿಡುವುದು ಮನೆಯೊಳಗೆ, ಬಟ್ಟೆಯಲ್ಲಿ ಸುತ್ತಿ. ಆರನ್ಮುಳ ಕಣ್ಣಾಡಿಯನ್ನು ಲಾರಿಗಳ ರಸ್ತೆಯಲ್ಲಿ ಮಳೆಗೆ ನಿಲ್ಲಿಸುವವರಿಲ್ಲ.

ಈ ಚಟಕ್ಕೆ ಕನ್ನಡದಲ್ಲಿ ಕೊಡುವ ಗೌರವದ ಹೆಸರು ಜೀರ್ಣೋದ್ಧಾರ. ಆ ಶಬ್ದದ ದೆಸೆಯಿಂದ ಎಷ್ಟು ಊರುಗಳ ಹಳೆಯ ಗುಡಿಗಳ ಕಲ್ಲಿಗೆ ಎನಾಮೆಲ್ ಬಣ್ಣ ಬಿತ್ತು, ನೆಲಕ್ಕೆ ಟೈಲ್ಸ್ ಕೂತವು ಎಂದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸು ಎಂದಿದ್ದ ಮಾತು ಹಳೆಯದಾಗಿ ಕಾಣುವುದನ್ನು ಅಳಿಸು ಎಂದಾಗಿದೆ.

ಅಂಬಲಮುಗಳಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆ, ಆಲುವಾ ಬಳಿಯ ಆಲುಪುರಂ ಇದೆ. ಪಳ್ಳಿವಾಸಲ್ ಜಲವಿದ್ಯುತ್ತನ್ನು ನೆಚ್ಚಿ ಇಂಡಾಲ್ ಕಂಪನಿ 1943ರಲ್ಲಿ ಅಲ್ಲಿ ಅಲ್ಯೂಮಿನಿಯಮ್ ಕರಗಿಸತೊಡಗಿತು. ದೇಶಕ್ಕೆ ಅದು ಮೊದಲು. ಕನ್ನಡಿಗರಿಗೆ ಅದೇ ಇಂಡಾಲ್ ಬೆಳಗಾವಿಯ ಹೆಸರಿನ ಜೊತೆ ಪರಿಚಿತ. ಒಂದು ಕಿಲೋ ಲೋಹ ತೆಗೆಯಲು ಹದಿಮೂರು ಹದಿನಾಲ್ಕು ಯೂನಿಟ್ ವಿದ್ಯುತ್ ಬೇಕು. ಅಷ್ಟು ಖರ್ಚಿನಲ್ಲಿ ಹುಟ್ಟಿದ್ದನ್ನು ಮಸಿಯಾಗಿ ಒರೆಸಿ ಚರಂಡಿಗೆ ಬಿಡುವುದಕ್ಕೆ ಶೋಕಿ ಎನ್ನಬಹುದು, ಕಾಳಜಿ ಎನ್ನಬಾರದು.

ಇಷ್ಟಕ್ಕೂ ಇಂಥ ಟ್ರೇಲರುಗಳು ಸಾಯುವುದು ಮಂಕಾಗಿ ಅಲ್ಲ, ಸೋರಿ. ಸಡಿಲವಾದ ರಿವೆಟ್, ಒಡೆದ ಕಿಟಕಿಯ ರಬ್ಬರು, ಒಣಗಿದ ಸೀಲೆಂಟು, ಇವುಗಳ ಮೂಲಕ ಇಳಿದ ನೀರು ಗೋಡೆಯೊಳಗೇ ಹರಿದು ನೆಲದ ಪ್ಲೈವುಡ್ಡಿನ ಅಂಚಿಗೆ ನಿಲ್ಲುತ್ತದೆ. ಪ್ಲೈವುಡ್ ಕೊಳೆಯುತ್ತದೆ. ಅದರಡಿ ಉಕ್ಕಿನ ಚಾಸಿಯೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಒಂದನ್ನೊಂದು ತಾಗಿದಲ್ಲಿ ಅಲ್ಯೂಮಿನಿಯಮ್ ಪುಡಿಯಾಗುತ್ತದೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಡೆಯುತ್ತದೆ.

ನೂರು ಗಂಟೆಯ ಕೂಲಿ ಕೊಡುವ ಶಕ್ತಿ ಇರುವ ಮಾಲೀಕ ಅದನ್ನು ಇಲ್ಲಿ ಖರ್ಚು ಮಾಡಲಿ. ಮೈಗೆ ಸೌಮ್ಯ ಸೋಪಿನ ನೀರು, ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಉಪ್ಪು ತೊಳೆಯುವುದು, ವರ್ಷಕ್ಕೆ ಒಂದೆರಡು ಸಲ ಮೇಣ, ಇಷ್ಟು ಸಾಕು. ಉಳಿದ ಕೆಲಸಕ್ಕೆ ಇಬ್ಬರು ಬೇಕು. ಕೇರಳಕ್ಕೆ ಮಳೆ ಕಾಲಿಡುವುದು ಜೂನ್ 1ರ ಆಸುಪಾಸಿಗೆ. ಅದಕ್ಕೆ ಮುಂಚೆ ಮೇ ತಿಂಗಳ ಒಂದು ಬೆಳಿಗ್ಗೆ ಒಬ್ಬರು ಹೊರಗೆ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲಿಗೆ ನೀರು ಬಿಡಬೇಕು, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೀರು ಜಿನುಗಿದ ರಿವೆಟ್ಟಿನ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಬೇಕು.