ಮಾಮೂಲಿ ಪರೀಕ್ಷೆಗೆ ಸಿಗದ ಪ್ರೋಟೀನು

ಅರವತ್ತು ದಾಟಿದವರಲ್ಲಿ ಬಿಡದ ಬೆನ್ನುನೋವು, ರಕ್ತಹೀನತೆ, ಮೂತ್ರಪಿಂಡದ ಸೋಲನ್ನು ಸೂಚಿಸುವ, ರಕ್ತದಲ್ಲಿ ಏರುತ್ತಿರುವ ಕ್ರಿಯಾಟಿನಿನ್ ಒಟ್ಟಿಗೆ ಕಂಡರೆ ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ಮಲ್ಟಿಪಲ್ ಮೈಲೋಮಾ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರ್‌ನಲ್ಲಿ ಹೆಚ್ಚಾಗುವ 'ಲೈಟ್ ಚೈನ್' ಪ್ರೋಟೀನು ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮಾಮೂಲಿ ಮೂತ್ರಪರೀಕ್ಷೆಯ ಪಟ್ಟಿ ಗುರುತಿಸುವುದು ಮುಖ್ಯವಾಗಿ ಆಲ್ಬುಮಿನ್ನನ್ನು, ಇದನ್ನಲ್ಲ. ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ 1840ರ ದಶಕದಲ್ಲೇ ರೋಗಿಯೊಬ್ಬನ ಮೂತ್ರದಲ್ಲಿ ಕಂಡು ವಿವರಿಸಿದ್ದ ಪ್ರೋಟೀನು ಇಂದಿಗೂ ಹೀಗೆ ಕಣ್ತಪ್ಪುವುದು ನೋವಿನ ಸಂಗತಿ. ಇದನ್ನು ಪತ್ತೆಹಚ್ಚುವ ಎಲೆಕ್ಟ್ರೊಫೊರೆಸಿಸ್, ಫ್ರೀ ಲೈಟ್ ಚೈನ್ ರಕ್ತಪರೀಕ್ಷೆಗಳನ್ನು ವೈದ್ಯರು ಬೇಗ ಬರೆದುಕೊಡಬೇಕು. ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಕೊಡುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದಂತೂ ಕೂಡಲೇ ನಿಲ್ಲಲಿ. ಮೂತ್ರಪಿಂಡ ಸೋತಿದ್ದರೂ ಮೈಲೋಮಾಗೆ ಬೋರ್ಟೆಜೋಮಿಬ್ ಎಂಬ ಔಷಧ ಆಧಾರಿತ ಚಿಕಿತ್ಸೆ ಕೊಡಬಹುದು. ತಡಮಾಡದೆ ಆರಂಭಿಸಿದಾಗ ಡಯಾಲಿಸಿಸ್‌ನಲ್ಲಿದ್ದ ಕೆಲವರು ಅದರಿಂದ ಹೊರಬಂದದ್ದೂ ಉಂಟು.