ಹುಂಡಿಯ ಲೆಕ್ಕ, ದೇಗುಲದ ಹೊಣೆ

2024ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲದಲ್ಲಿ ಎದ್ದ ದೇವಾಲಯಗಳ ಆದಾಯದ ಚರ್ಚೆಯನ್ನು ಭಕ್ತರು ಮರೆತಿರಲಾರರು. 1997ರ ಧಾರ್ಮಿಕ ಸಂಸ್ಥೆಗಳ ಹಾಗೂ ಧರ್ಮಾದಾಯ ದತ್ತಿಗಳ ಅಧಿನಿಯಮಕ್ಕೆ ಸರ್ಕಾರವು ತಿದ್ದುಪಡಿಯನ್ನು ಮಂಡಿಸಿತು. ವರ್ಷಕ್ಕೆ 1 ಕೋಟಿ ರೂಪಾಯಿಗೂ ಮೀರಿ ಆದಾಯವುಳ್ಳ ದೇವಾಲಯಗಳಿಂದ ಶೇಕಡಾ 10ನ್ನು, 10 ಲಕ್ಷದಿಂದ 1 ಕೋಟಿಯವರೆಗಿನವುಗಳಿಂದ ಶೇಕಡಾ 5ನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಡೆಯುವುದು ಅದರ ತಿರುಳು. ವಿಧಾನಸಭೆ ಒಪ್ಪಿದ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿತು. ಸಭೆ ಮತ್ತೆ ಒಪ್ಪಿತು. ರಾಜ್ಯಪಾಲರು ಕೊನೆಗೆ ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಒಬ್ಬರು ಇದನ್ನು ದೇವರ ಹಣದ ಅಪಹರಣವೆಂದರು, ಇನ್ನೊಬ್ಬರು ಬಡ ದೇವಾಲಯಗಳ ಉದ್ಧಾರವೆಂದರು. ಆದರೆ ದೇವಾಲಯವಿರುವುದು ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಎತ್ತಿದಂತೆ ಕಾಣಲಿಲ್ಲ. ಅದನ್ನು ನಿರ್ಧರಿಸದೆ ಹಣ ಯಾರದೆಂದು ನಿರ್ಧರಿಸುವುದು ಹೇಗೆ?

ಈ ಅಧಿನಿಯಮವು ಮಠಗಳಿಗೂ ಅವುಗಳಿಗೆ ಸೇರಿದ ದೇವಾಲಯಗಳಿಗೂ ಅನ್ವಯಿಸುವುದಿಲ್ಲ. ಹಾಗೆಂದು ನಾವು ದಡದಲ್ಲಿ ಕುಳಿತು ನೋಡಬಹುದೆಂದಲ್ಲ. ಕಾನೂನು ನಮ್ಮನ್ನು ಕೇಳದಿದ್ದರೆ ನಾವೇ ನಮ್ಮನ್ನು ಕೇಳಿಕೊಳ್ಳಬೇಕಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯವಿದೆ. ಅದಕ್ಕೆ ಹೊಂದಿಕೊಂಡಿದ್ದ ಕಾಳಾಮುಖ ಯತಿಗಳ ಕೋಡಿಯ ಮಠವನ್ನು ಕುರಿತು 1162ರ ಶಾಸನವೊಂದಿದೆ. ಬಿಜ್ಜಳನು ಆಳುತ್ತಿದ್ದ, ಕಲ್ಯಾಣದಲ್ಲಿ ಶರಣರು ನೆರೆದಿದ್ದ ಕಾಲವದು. ಕನ್ನಡ ಎಂ.ಎ. ತರಗತಿಯಲ್ಲಿ ಆ ಶಾಸನವನ್ನು ಮೊದಲು ಓದಿದಾಗ, ಅದರಲ್ಲಿ ಶಿಖರದ ಎತ್ತರದ ವರ್ಣನೆಯನ್ನೇ ನಿರೀಕ್ಷಿಸಿದ್ದೆ. ಸಿಕ್ಕಿದ್ದು ಬೇರೆ. ಅಲ್ಲಿ ನಾಲ್ಕು ವೇದಗಳನ್ನೂ ಹಲವು ವ್ಯಾಕರಣಗಳನ್ನೂ ದರ್ಶನಗಳನ್ನೂ ಕಲಿಸುತ್ತಿದ್ದರು. ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿತ್ತು; ಹಾಡುವವರಿಗೂ ವಾದ್ಯ ನುಡಿಸುವವರಿಗೂ ಇತ್ತು; ಅನ್ಯಮತದ ಸಂನ್ಯಾಸಿಗಳಿಗೂ ಇತ್ತು. ರೋಗಿಗಳಿಗೆ ಔಷಧವಿತ್ತು. ಭಯಪಟ್ಟು ಬಂದವರಿಗೆ ಆಶ್ರಯವಿತ್ತು. ಅದಕ್ಕೂ ನೂರು ವರ್ಷ ಹಿಂದೆ, 1058ರಲ್ಲಿ, ಕಲಬುರಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ವಿದ್ಯಾರ್ಥಿಗಳ ಜೊತೆಗೆ ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಇಂದು ನಮ್ಮ ಎಷ್ಟು ತಾಲ್ಲೂಕು ಗ್ರಂಥಾಲಯಗಳಿಗೆ ಆರು ಜನ ಸಿಬ್ಬಂದಿಯಿದ್ದಾರೆ!

ದೇವರ ಹೆಸರಿನಲ್ಲಿ ಬಂದ ಭೂಮಿ, ಧಾನ್ಯ, ಎಣ್ಣೆ ಎಲ್ಲವೂ ಮತ್ತೆ ಊರಿಗೆ ಹರಿದುಹೋಗಲು ಒಂದು ಕಾಲುವೆ ಬೇಕಿತ್ತು. ದೇವಾಲಯವು ಆ ಕಾಲುವೆಯಾಗಿತ್ತು. ಗರ್ಭಗುಡಿಯ ಮೌನದಲ್ಲಿ ‘ನನ್ನದು’ ಎಂಬುದು ಒಂದು ಕ್ಷಣ ಸಡಿಲಗೊಂಡ ಮನುಷ್ಯನು ಹೊರಗೆ ಬಂದು ಪಂಕ್ತಿಯಲ್ಲಿ ಅಪರಿಚಿತನ ಪಕ್ಕದಲ್ಲಿ ಕುಳಿತು ಉಣ್ಣಬೇಕು. ಪೂಜೆ ಮತ್ತು ಪಂಕ್ತಿ ಬೇರೆ ಬೇರೆಯಾಗಿರಲಿಲ್ಲ.

ಆದರೆ ಹಳೆಯದೆಲ್ಲವನ್ನೂ ಹೊಗಳಲು ನಾನು ಸಿದ್ಧನಿಲ್ಲ. ಅನ್ನ ಹಂಚಿದ ಆ ಕಾಲದ ದೇವಾಲಯದ ಬಾಗಿಲು ಹಲವು ಜಾತಿಗಳ ಪಾಲಿಗೆ ಮುಚ್ಚಿಯೇ ಇತ್ತು. ಘಟಿಕಾಸ್ಥಾನದ ವಿದ್ಯೆ ಎಲ್ಲರ ಮಕ್ಕಳಿಗೂ ದೊರೆಯುತ್ತಿರಲಿಲ್ಲ. ಅಣ್ಣ ಬಸವಣ್ಣನವರು ದೇಗುಲವನ್ನು ಮೀರಿ ದೇಹವನ್ನೇ ದೇಗುಲವೆಂದದ್ದು, ಇಷ್ಟಲಿಂಗವನ್ನು ಪ್ರತಿಯೊಬ್ಬರ ಅಂಗೈಗೆ ಇತ್ತದ್ದು ಆ ಮುಚ್ಚಿದ ಬಾಗಿಲಿಗೆ ಕೊಟ್ಟ ಉತ್ತರ. ಅವರು ಬಿಟ್ಟದ್ದು ಬಾಗಿಲು ಕಾಯುವವರನ್ನು, ಅನ್ನದ ಪಂಕ್ತಿಯನ್ನಲ್ಲ. ಅದನ್ನು ದಾಸೋಹವೆಂದು ಕರೆದು ಎಲ್ಲರ ಮನೆಯಂಗಳಕ್ಕೆ ತಂದರು.

ಈಗಿನ ಸ್ಥಿತಿ ನೋಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಕ್ಷೇತ್ರಗಳಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚಿದೆ. ಇದನ್ನು ಹಾಸ್ಯ ಮಾಡುವವರ ಮಾತಿಗೆ ನಾನು ದನಿಗೂಡಿಸಲಾರೆ; ಜೀವಮಾನವಿಡೀ ಹೊಲ ಮತ್ತು ಒಲೆಯ ನಡುವೆ ಇದ್ದ ತಾಯಂದಿರು ಕೂಡಲಸಂಗಮವನ್ನು ಕಂಡರೆ ಅದು ಪುಣ್ಯದ ಕೆಲಸ. ನೋಯಿಸುವುದು ಅವರಿಗೆ ಅಲ್ಲಿ ಕಾದಿರುವುದು. ದೊಡ್ಡ ಕ್ಷೇತ್ರಗಳಲ್ಲಿ ಉಚಿತ ಸಾಲಿನವರು ಗಂಟೆಗಟ್ಟಲೆ ನಿಂತಿರುವಾಗ ಹಣ ತೆತ್ತವರ ಸಾಲು ಪಕ್ಕದಲ್ಲೇ ಸರಸರನೆ ಸಾಗುತ್ತದೆ. ಜಾತಿ ಕಾದ ಬಾಗಿಲನ್ನು ಇಂದು ಚೀಟಿ ಕಾಯುತ್ತಿದೆ. ಇತ್ತ ‘ಸಿ’ ವರ್ಗದ ಸಣ್ಣ ಗುಡಿಗೆ ಸರ್ಕಾರ ಕೊಡುವ ತಸ್ತೀಕು, 2025ರ ಆಯವ್ಯಯದಲ್ಲಿ ಏರಿಸಿದ ಮೇಲೂ, ವರ್ಷಕ್ಕೆ 72,000 ರೂಪಾಯಿ. ದಿನಕ್ಕೆ ಇನ್ನೂರು ರೂಪಾಯಿಯೂ ಆಗದು. ಸಂಗ್ರಹಣಾ ನಿಧಿಯ ತತ್ತ್ವವನ್ನು ನಾನು ಒಪ್ಪುವುದು ಇದಕ್ಕಾಗಿಯೇ. ಅದರ ನಿರ್ವಹಣೆ ಹೇಗಿರಬೇಕೆಂಬುದು ಬೇರೆ ವಾದ.

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರನ್ನು ಕಂಡವರಿಗೆ ಇನ್ನೊಂದು ಚಿತ್ರ ಗೊತ್ತು. ಮಲ್ಲಯ್ಯನ ಮುಂದೆ ಅವರು ನಿಲ್ಲುವುದು ಕೆಲವೇ ಕ್ಷಣ. ಆದರೆ ದಾರಿಯುದ್ದಕ್ಕೂ ಊರಿನವರು ರೊಟ್ಟಿ, ಮಜ್ಜಿಗೆ ಕೊಡುತ್ತಾರೆ, ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ಹಚ್ಚುತ್ತಾರೆ, ಕುಲ ಕೇಳುವುದಿಲ್ಲ. ಬಳ್ಳಿಗಾವಿಯ ಶಾಸನದಲ್ಲಿದ್ದ ದೇವಾಲಯ ಆ ದಾರಿಯಲ್ಲಿ ಇನ್ನೂ ಉಳಿದಿದೆ.

ಇಷ್ಟು ಬರೆದ ಮೇಲೆ ನನ್ನದೇ ತಪ್ಪೊಂದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಕಳೆದ ಜಾತ್ರೆಯ ಬಳಿಕ, ಕರ್ತೃ ಗದ್ದುಗೆಯ ದರ್ಶನಕ್ಕೆ ನೂರು ರೂಪಾಯಿಯ ವಿಶೇಷ ಸಾಲೊಂದನ್ನು ಮಾಡಬೇಕೆಂಬ ಪ್ರಸ್ತಾವನೆಯನ್ನು ಆಡಳಿತ ಮಂಡಳಿಗೆ ಸಲ್ಲಿಸಿದವನು ನಾನೇ. ಪ್ರಸಾದ ನಿಲಯದ ಛಾವಣಿ ಸೋರುತ್ತಿದೆ; ದುರಸ್ತಿಗೆ ಹಣ ಬೇಕು; ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅಂದಾಜು ಪಟ್ಟಿಯನ್ನೂ ಚೆನ್ನಾಗಿಯೇ ತಯಾರಿಸಿದ್ದೆ. ಪೂಜ್ಯರು ಓದಿ, ಉಚಿತ ಸಾಲಿನವರು ಎಲ್ಲಿ ನಿಲ್ಲುತ್ತಾರೆ ಎಂದಷ್ಟೇ ಕೇಳಿ ಕಡತವನ್ನು ಮರಳಿಸಿದರು. ಬಿಸಿಲಿನಲ್ಲಿ, ಪಾದರಕ್ಷೆ ಬಿಡುವ ಕಡೆ ಎಂದು ನಾನು ನಕ್ಷೆಯಲ್ಲಿ ತೋರಿಸಿದ್ದೆ.

ಛಾವಣಿ ಇನ್ನೂ ಸೋರುತ್ತಿದೆ. ಮುಂದಿನ ಸಭೆಯಲ್ಲಿ ಪ್ರಸ್ತಾವನೆಯನ್ನು ಹಿಂತೆಗೆದುಕೊಳ್ಳಲಿದ್ದೇನೆ. ಬದಲಾಗಿ ತಗಡು, ಮರ, ಕೂಲಿಯ ಲೆಕ್ಕವನ್ನು ಮಠದ ಹೆಬ್ಬಾಗಿಲಲ್ಲಿ ಬರೆದು ಹಾಕಲಾಗುವುದು. ಕೈಲಾದವರು ಹಣ ಕೊಡಬಹುದು, ಕೆಲಸ ಬಲ್ಲವರು ಎರಡು ದಿನದ ದುಡಿಮೆ ಕೊಡಬಹುದು. ಮಳೆಗಾಲಕ್ಕೆ ಮುನ್ನ ಮುಗಿಯಬೇಕಾಗಿದೆ.